ಬ್ರೂಸ್‌ಪೇಟೆಯ ಇಟ್ಟಿಗೆ ಮನೆಗಳ ಪರವಾಗಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬಳ್ಳಾರಿ ಜಿಲ್ಲೆ, ಬಳ್ಳಾರಿ.

ವಿಷಯ: ಬ್ರೂಸ್‌ಪೇಟೆ ಮತ್ತು ಕೌಲ್‌ಬಜಾರ್ ಭಾಗದ ಬೀಗ ಬಿದ್ದ ಹಳೆಯ ಇಟ್ಟಿಗೆ ಮನೆಗಳನ್ನು ಪರಿಶೀಲಿಸದೆ ಕೆಡವುವುದನ್ನು ತಡೆದು, ಅವುಗಳ ಪಟ್ಟಿ ಮಾಡಿಸಿ, ಉಳಿಯಬಲ್ಲವನ್ನು ಉಳಿಸುವಂತೆ ಕೋರಿ.

ಮಾನ್ಯರೇ,

ಕಳೆದ ಮಳೆಗಾಲದ ಒಂದು ರಾತ್ರಿ ಬ್ರೂಸ್‌ಪೇಟೆಯ ನಮ್ಮ ಬೀದಿಯಲ್ಲಿ, ಬಹುಕಾಲದಿಂದ ಬೀಗ ಬಿದ್ದಿದ್ದ ಹಳೆಯ ಮನೆಯೊಂದರ ಪಡಸಾಲೆಯ ಗೋಡೆ ಕುಸಿಯಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಮಾರನೆಯ ದಿನ ಜೆಸಿಬಿ ಬಂತು. ಕುಸಿದ ಮನೆಯನ್ನು ತೆಗೆದದ್ದು ಸರಿಯೇ. ಆದರೆ ಅದರ ಪಕ್ಕದ ಮನೆಯನ್ನೂ ಅದೇ ಉಸಿರಿನಲ್ಲಿ ನೆಲಸಮ ಮಾಡಲಾಯಿತು. ಆ ಎರಡನೆಯ ಮನೆಯಲ್ಲಿ ಹಿಂದಿನ ಬೇಸಿಗೆಯವರೆಗೆ ಜೀನ್ಸ್ ಹೊಲಿಯುವ ಸಣ್ಣ ಘಟಕ ನಡೆದಿತ್ತು. ಗೋಡೆ ಬಿರುಕು ಬಿಟ್ಟಿರಲಿಲ್ಲ, ತಾರಸಿ ಸೋರುತ್ತಿರಲಿಲ್ಲ ಎಂದು ಅಲ್ಲಿ ಕೆಲಸ ಮಾಡಿದ ಹೆಣ್ಣುಮಕ್ಕಳೇ ಹೇಳುತ್ತಾರೆ. ಯಾಕೆ ಕೆಡವುತ್ತಿದ್ದೀರಿ ಎಂದು ಕೇಳಿದರೆ, ಸ್ಥಳದಲ್ಲಿದ್ದವರು "ಶಿಥಿಲ ಕಟ್ಟಡವೆಂದು ಬರೆದಿದೆ" ಎಂದರು. ಯಾರು ಬಂದು ನೋಡಿದರು, ಯಾವಾಗ ನೋಡಿದರು, ಬೀಗ ತೆಗೆಸಿ ಒಳಗೆ ಹೋದರೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಲಿಲ್ಲ. ಗೋಡೆಗೆ ಯಂತ್ರ ತಾಗಿಸುವ ಮೊದಲು ತೇಗದ ತೊಲೆಗಳನ್ನು ಬಿಚ್ಚಿ ಲಾರಿಗೆ ಹೇರಿದ್ದನ್ನು ಮಾತ್ರ ಬೀದಿಯವರೆಲ್ಲ ನೋಡಿದೆವು. ಒಂದೊಂದು ತೊಲೆಗೂ ಆರೇಳು ಮಂದಿ ಕೈಗೂಡಿಸಬೇಕಾಯಿತು. ಗೆದ್ದಲು ತಿಂದ ಮರವನ್ನು ಯಾರೂ ಅಷ್ಟು ಜೋಪಾನವಾಗಿ ಹೇರುವುದಿಲ್ಲ.

ಈ ಪರಿಪಾಠ ತಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ ಎಂಬುದು ನನಗೆ ಗೊತ್ತು. ಬೇರೆ ಬೇರೆ ಕಚೇರಿಗಳಿಗೆ ಅರ್ಜಿ ಕೊಟ್ಟು, "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಹಿಂಬರಹ ಪಡೆದ ಮೇಲೆ, ಎಲ್ಲ ವ್ಯಾಪ್ತಿಗಳೂ ಬಂದು ಕೂಡುವುದು ತಮ್ಮ ಮೇಜಿನ ಮೇಲೆ ಎಂಬ ನಂಬಿಕೆಯಿಂದ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಈ ಮನೆಗಳ ವಾರಸುದಾರಳಲ್ಲ. ಇವುಗಳಲ್ಲಿ ಒಂದು ಚದರಡಿಯೂ ನಮ್ಮದಲ್ಲ. ನನ್ನ ತಂದೆ ಗಾರೆ ಕೆಲಸದ ಮೇಸ್ತ್ರಿ. ಅವರ ತಾಯಿ, ಅಂದರೆ ನನ್ನ ಅಜ್ಜಿ, ತಾರಸಿ ಬಡಿಯುವ ಹೆಣ್ಣಾಳುಗಳ ತಂಡದಲ್ಲಿದ್ದವರು. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹತ್ತಿ ವರ್ತಕರ, ವಕೀಲರ, ಸಾಹುಕಾರರ ಮನೆಗಳ ಬಗ್ಗೆ ಕೂಲಿಕಾರರ ಮನೆಯ ಮಗಳಿಗೆ ಇಷ್ಟೇಕೆ ಕಾಳಜಿ ಎಂದು ನನ್ನನ್ನು ಕೇಳಿದವರಿದ್ದಾರೆ. ನನ್ನ ಉತ್ತರ ಇಷ್ಟೇ. ಈ ಮನೆಗಳ ಕಾಗದಪತ್ರಗಳಲ್ಲಿ ಒಡೆಯರ ಹೆಸರಿದೆ, ಕಟ್ಟಿದವರ ಹೆಸರು ಎಲ್ಲಿಯೂ ಇಲ್ಲ. ನಮ್ಮವರು ಇಲ್ಲಿ ದುಡಿದರು ಎನ್ನುವುದಕ್ಕೆ ಗೋಡೆಯೊಂದೇ ಸಾಕ್ಷಿ. ಅದು ಹೋದರೆ ಒಡೆಯರಿಗೆ ನಿವೇಶನವಾದರೂ ಉಳಿಯುತ್ತದೆ, ನಮಗೆ ಏನೂ ಉಳಿಯುವುದಿಲ್ಲ.

ಈ ಪೇಟೆಗಳು ಹುಟ್ಟಿದ ಬಗೆ ತಮಗೆ ತಿಳಿದದ್ದೇ. ಓದುತ್ತಿರುವ ಊರವರಿಗಾಗಿ ನಾಲ್ಕು ಮಾತು ಹೇಳುತ್ತೇನೆ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇದರ ಮೊದಲ ಪ್ರಧಾನ ಕಲೆಕ್ಟರ್. ಬಳ್ಳಾರಿಯಲ್ಲಿ ದಂಡು ಬಂದು ನೆಲೆಸಿತು. ದಂಡಿನ ನಿತ್ಯದ ಬೇಕುಬೇಡಗಳನ್ನು ನೋಡಿಕೊಳ್ಳುತ್ತಾ ಕೌಲ್‌ಬಜಾರ್ ಬೆಳೆಯಿತು. ಕಂಪನಿಯ ಅಧಿಕಾರಿಯೊಬ್ಬನ ಹೆಸರು ಹೊತ್ತ ಬ್ರೂಸ್‌ಪೇಟೆಯಲ್ಲಿ ವ್ಯಾಪಾರಿಗಳು, ಕಚೇರಿಯ ನೌಕರರು, ವಕೀಲರು ಮನೆ ಕಟ್ಟಿದರು. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಸಾವು ನೋವು ತಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆ ಬರದಿಂದ ಚೇತರಿಸಿಕೊಂಡು, ರೈಲು ಮತ್ತು ಹತ್ತಿಯ ಬಲದಿಂದ ಊರು ಮತ್ತೆ ತಲೆಯೆತ್ತಿದ ಕಾಲದ ದುಡ್ಡು ಈ ಗೋಡೆಗಳಲ್ಲಿದೆ. ಬಳ್ಳಾರಿಯ ರಾಘವರು ವಕೀಲಿ ಮಾಡುತ್ತಾ ರಂಗದ ಮೇಲೆ ಮೆರೆದದ್ದು ಇಂಥ ಮನೆಗಳ ಊರಿನಲ್ಲಿಯೇ. ಅವರ ಹೆಸರಿನ ಕಲಾಮಂದಿರವನ್ನು ನಾವು ಹೆಮ್ಮೆಯಿಂದ ತೋರಿಸುತ್ತೇವೆ. ಅವರ ಕಾಲದ ಪ್ರೇಕ್ಷಕರು ಬದುಕಿದ ಬೀದಿಗಳನ್ನು ತೋರಿಸಲು ಇನ್ನು ಕೆಲವು ವರ್ಷಗಳಲ್ಲಿ ಏನೂ ಇರುವುದಿಲ್ಲ.

1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸ್ ಸರ್ಕಾರಕ್ಕೆ ಸೇರಿದವರು. ಅಂದು ಬಳ್ಳಾರಿ ಮೈಸೂರಿಗೆ ಬಂತು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕನ್ನಡದವರಾಗಿ ನಮಗೆ ಅದು ಹಬ್ಬದ ದಿನ. ಆದರೆ ಮನೆಯೊಳಗೆ ಕನ್ನಡ, ತೆಲುಗು ಎರಡನ್ನೂ ಆಡುತ್ತಿದ್ದ ಕುಟುಂಬಗಳ ನಡುವೆ ಒಂದು ಗೆರೆ ಬಿತ್ತು. ನಮ್ಮ ಬೀದಿಯಲ್ಲಿ ಅಣ್ಣ ಇಲ್ಲಿ ಉಳಿದು ತಮ್ಮ ಅನಂತಪುರಕ್ಕೆ ಹೋದ ಮನೆಯಿದೆ, ಎಲ್ಲರೂ ಮದರಾಸಿಗೆ ಹೋಗಿ ಸೋದರತ್ತೆಯೊಬ್ಬರೇ ಉಳಿದ ಮನೆಯಿದೆ. ಮುಂದೆ ಅವರ ಮಕ್ಕಳು ಹೈದರಾಬಾದಿಗೆ, ಬೆಂಗಳೂರಿಗೆ, ಅಮೆರಿಕಕ್ಕೆ ಹೋದರು. ಮದ್ರಾಸ್ ಸರ್ಕಾರದ ಛಾಪಾ ಕಾಗದದ ಮೇಲಿನ ಕ್ರಯಪತ್ರ, ಭಾಗವಾಗದ ಆಸ್ತಿ, ಮೂರು ತಲೆಮಾರಿನ ವಾರಸುದಾರರು, ಒಬ್ಬರ ಸಹಿ ಇದ್ದರೆ ಇನ್ನೊಬ್ಬರದಿಲ್ಲ. ಇಂಥ ಮನೆಗಳಿಗೆ ಬೀಗ ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಆ ಮನೆಗಳ ಕಸುಬಿನ ಬಗ್ಗೆ ಹೇಳಲೇಬೇಕು. "ಶಿಥಿಲ" ಎಂದು ಬರೆಯುವ ಕೈಗಳಿಗೆ ಇದು ಗೊತ್ತಿಲ್ಲವೆಂದೇ ನನ್ನ ದೂರು.

ಸುಣ್ಣಕ್ಕೆ ಬೇಕಾದ ಹರಳು ನಮ್ಮ ಎರೆ ಹೊಲಗಳಲ್ಲೇ ಸಿಗುತ್ತಿತ್ತು. ಅದನ್ನು ಸುಟ್ಟು, ಮರಳಿನೊಂದಿಗೆ ಎತ್ತು ಕಟ್ಟಿದ ಗಾರೆ ಗಾಣದಲ್ಲಿ ಅರೆದು, ಕೊಳೆಹಾಕಿ, ಬೆಣ್ಣೆಯ ಹದಕ್ಕೆ ತರುತ್ತಿದ್ದರು. ಬ್ರೂಸ್‌ಪೇಟೆಯ ಅನುಕೂಲಸ್ಥರ ಮನೆಗಳ ಮೇಲಿರುವುದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ತೇಗದ ತೊಲೆ, ಅದರ ಮೇಲೆ ಸುಮಾರು ಒಂದೂವರೆ ಅಡಿಗೊಂದರಂತೆ ಜಂತಿ. ಜಂತಿಯಿಂದ ಜಂತಿಗೆ ಒಂದಂಗುಲ ದಪ್ಪದ ಪುಟ್ಟ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲು ಹಿಡಿದು ಗಾರೆಯಿಂದ ಬೆಸೆಯುತ್ತಿದ್ದರು. ಕೆಳಗೆ ಸೆಂಟ್ರಿಂಗ್ ಇಲ್ಲ, ಒಳಗೆ ಕಬ್ಬಿಣವಿಲ್ಲ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಗಾರೆ ಕಲಸಿದ ನಾಲ್ಕಂಗುಲದ ಪದರ.

ಆ ಪದರವನ್ನು ಬಡಿಯುವುದು ಹೆಂಗಸರ ಕೆಲಸ. ಎದುರುಬದುರು ಎರಡು ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತು, ಮರದ ಹಲಗೆಯಿಂದ ಒಂದೇ ತಾಳಕ್ಕೆ ಬಡಿಯುತ್ತಾ, ತಾಳ ತಪ್ಪದಿರಲೆಂದು ಹಾಡುತ್ತಾ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತಾ ಸರಿಯುತ್ತಿದ್ದರು. ದಿನಗಟ್ಟಲೆ ಇದೇ ಕೆಲಸ. ಹಲಗೆಯ ಗುರುತು ಮೂಡದೆ, ಬಡಿದ ಏಟು ಕೈಗೆ ವಾಪಸು ಪುಟಿದಾಗ ಮಾತ್ರ ಮೇಸ್ತ್ರಿ ಸಾಕೆನ್ನುತ್ತಿದ್ದ. ಸುಣ್ಣ ತಿಂದು ಬಿಳಿಚಿದ ನನ್ನ ಅಜ್ಜಿಯ ಬೆರಳ ಸಂದುಗಳು ಕೊನೆಯವರೆಗೂ ಮೊದಲಿನ ಬಣ್ಣಕ್ಕೆ ಬರಲಿಲ್ಲ. ಅವರು ಬಡಿದ ತಾರಸಿಗಳಲ್ಲಿ ಒಂದೆರಡು ಇಂದಿಗೂ ಒಂದು ತೊಟ್ಟು ನೀರು ಬಿಟ್ಟುಕೊಡುವುದಿಲ್ಲ. ಈಚೆಗೆ ಕಟ್ಟಿದ ನಮ್ಮ ಕಾಂಕ್ರೀಟು ಮನೆಯ ಸೂರಿಗೆ ಆಗಲೇ ನೀರು ತಡೆಯುವ ಬಣ್ಣ ಬಳಿಯಬೇಕಾಗಿ ಬಂದಿದೆ.

ಇಂಥ ಮನೆ ಬರೀ ಮುಪ್ಪಿನಿಂದ ಬೀಳುವುದು ಅಪರೂಪ. ಬೀಗ ಹಾಕಿದ ಮೊದಲ ಮಳೆಗಾಲದಿಂದ ಅದರ ಕಷ್ಟ ಶುರುವಾಗುತ್ತದೆ. ವರ್ಷಕ್ಕೊಮ್ಮೆ ಮಾಳಿಗೆ ಹತ್ತಿ ನೀರಿನ ದೋಣಿಯ ಕಸ ತೆಗೆಯುವವರಿಲ್ಲ. ನೀರು ನಿಲ್ಲುತ್ತದೆ. ಹಕ್ಕಿ ಹಾಕಿದ ಅರಳಿ ಬೀಜ ಕೈಪಿಡಿ ಗೋಡೆಯ ಸಂದಿನಲ್ಲಿ ಮೊಳೆಯುತ್ತದೆ. ಬೇರು ಗಾರೆಯನ್ನು ಸೀಳುತ್ತದೆ, ಆ ಸೀಳಿನ ಗುಂಟ ಇಳಿದ ನೀರು ಗೋಡೆಯೊಳಗೆ ಹುದುಗಿದ ಜಂತಿಯ ತುದಿಯನ್ನು ಕೊಳೆಸುತ್ತದೆ. ಕೆಳಗೆ ನಿಂತು ನೋಡಿದರೆ ಜಂತಿ ಗಟ್ಟಿಯಾಗಿಯೇ ಕಾಣುತ್ತದೆ. ಕೊಳೆತಿರುವುದು ಗೋಡೆಯೊಳಗಿನ ಒಂದು ಗೇಣು. ಆ ಹಂತದಲ್ಲಿ ಬಡಗಿ ಬಂದು ಹೊಸ ತುದಿ ಜೋಡಿಸಿದರೆ ಮನೆ ಇನ್ನೊಂದು ತಲೆಮಾರು ನಿಲ್ಲುತ್ತದೆ. ಯಾರೂ ಬರದಿದ್ದರೆ ಒಂದು ದಿನ ಸೂರು ಜಗ್ಗಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಕಳೆದ ಮಳೆಗಾಲದಲ್ಲಿ ಆದದ್ದು ಇದೇ.

ಸಿಮೆಂಟು ಇನ್ನೊಂದು ಕಾರಣ. ಮನೆಯ ಮೇಲೆ ಪ್ರೀತಿ ಇದ್ದವರೇ ಹಳೆಯ ಗಾರೆ ಕೆತ್ತಿಸಿ ಸಿಮೆಂಟಿನ ಗಿಲಾವು ಮಾಡಿಸಿದ್ದಾರೆ. ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಸವಳು ಹತ್ತಿದ ಇಟ್ಟಿಗೆ ಒಳಗಿಂದೊಳಗೇ ಹಿಟ್ಟಾಗುತ್ತದೆ. ಬಳ್ಳಾರಿಯ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದ್ದು. ಅದರ ಮೇಲೆ ನಿಂತ ಗೋಡೆಗೆ ಸ್ವಲ್ಪ ಮಣಿಯುವ ಗುಣ ಬೇಕು. ಸುಣ್ಣದ ಗಾರೆಗೆ ಆ ಗುಣವಿದೆ. ಕೂದಲೆಳೆಯ ಬಿರುಕು ಬಿದ್ದರೂ ಕಾಲಕ್ರಮೇಣ ತಾನೇ ಕೂಡಿಕೊಳ್ಳುತ್ತದೆ. ಇದನ್ನರಿಯದ ಎಂಜಿನಿಯರ್ ಆ ಕೂದಲೆಳೆಯನ್ನು ನೋಡಿ ಹೆದರುತ್ತಾರೆ, ಸಿಮೆಂಟಿನ ಗಿಲಾವಿನೊಳಗೆ ಹಿಟ್ಟಾಗುತ್ತಿರುವ ಗೋಡೆಯನ್ನು ನೋಡಿ ಗಟ್ಟಿಯಾಗಿದೆ ಎನ್ನುತ್ತಾರೆ.

ಜೀವಭಯದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಬಾಡಿಗೆದಾರರೂ ದಾರಿಹೋಕರೂ ದಿನವಿಡೀ ಓಡಾಡುತ್ತಿದ್ದ ಜಾಗ ಅದು. ನಮ್ಮ ಬೀದಿಯಲ್ಲೂ ಮಕ್ಕಳು ಆ ಗೋಡೆಗಳ ಪಕ್ಕದಲ್ಲೇ ಶಾಲೆಗೆ ಹೋಗುತ್ತಾರೆ. ನಿಜವಾಗಿ ಅಪಾಯವಿರುವ ಮನೆಗೆ ಅದೇ ದಿನ ಆಧಾರದ ಕಂಬ ಕೊಡಿಸಿ, ಬೇಲಿ ಹಾಕಿಸಿ, ಉಳಿಯದಿದ್ದರೆ ಇಳಿಸಿ. ಅದಕ್ಕೆ ನನ್ನ ತಕರಾರಿಲ್ಲ. ಯಾವುದು ಅಪಾಯಕರ, ಯಾವುದು ಅಲ್ಲ ಎಂದು ತಿಳಿದವರು ಹತ್ತಿ ನೋಡದೆ ಇಡೀ ಸಾಲಿಗೆ ಒಂದೇ ಷರಾ ಬರೆಯುವುದನ್ನು ಮಾತ್ರ ಒಪ್ಪಲಾರೆ. ಷರಾ ಬರೆದ ಮೇಲೂ ವರ್ಷಗಟ್ಟಲೆ ಆ ಗೋಡೆಯ ಕೆಳಗೆ ಜನ ಓಡಾಡುತ್ತಲೇ ಇರುತ್ತಾರೆ. ಅಪಾಯ ನಿಜವಾಗಿದ್ದರೆ ಇಷ್ಟು ದಿನ ಕಾದದ್ದೇಕೆ? ಸುಳ್ಳಾಗಿದ್ದರೆ ಕೆಡವಿದ್ದೇಕೆ?

ರಸ್ತೆ ಅಗಲೀಕರಣದ ಮಾತೂ ಇದೆ. ಮುಂಭಾಗ ಕತ್ತರಿಸಿಕೊಂಡ ಒಂದು ಮನೆ ಈಗಲೂ ಹಾಗೆಯೇ ನಿಂತಿದೆ. ಒಳಗೋಡೆ ಬೀದಿಗೆ ಕಾಣುತ್ತಿದೆ. ನೀಲಿ ಸುಣ್ಣ ಬಳಿದ ದೇವರ ಗೂಡು, ಅದರ ಮೇಲೆ ದೀಪದ ಮಸಿ, ಪಕ್ಕದಲ್ಲಿ ಮಕ್ಕಳ ಎತ್ತರ ಅಳೆದು ಗೀಚಿದ ಗೆರೆಗಳು, ಗೆರೆಗಳ ಪಕ್ಕ ಕೆಲವು ತೆಲುಗಿನಲ್ಲಿ, ಕೆಲವು ಕನ್ನಡದಲ್ಲಿ ಬರೆದ ಹೆಸರುಗಳು. ಒಂದು ಮನೆತನದ ಅಂತರಂಗ ವಾಹನಗಳ ಹೊಗೆಗೆ ತೆರೆದುಕೊಂಡಿದೆ. ಕತ್ತರಿಸಿದ ಮೇಲೆ ಉಳಿದ ಗೋಡೆಗೆ ಒಂದು ಆಸರೆಯನ್ನೂ ಕೊಟ್ಟಿಲ್ಲ.

ಕಳೆದ ಮಳೆಗಾಲದಲ್ಲಿ ಕುಸಿದ ಆ ಮನೆಯ ಅವಶೇಷದಲ್ಲಿ ಹುಡುಗರಿಗೆ ಕಿರ್ದಿ ಪುಸ್ತಕಗಳ ಒಂದು ಕಟ್ಟು ಸಿಕ್ಕಿತು. ಹತ್ತಿ ಅಂಡಿಗೆಗಳ ತೂಕ, ದರ, ಗಾಡಿ ಬಾಡಿಗೆ, ಹಮಾಲಿ, ಯಾರಿಗೆ ಎಷ್ಟು ಮುಂಗಡ ಎಂಬ ಲೆಕ್ಕ. ನಾನು ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮುಕ್ಕಾಲು ಪಾಲು ಗುಜರಿ ಅಂಗಡಿಗೆ ತೂಕಕ್ಕೆ ಹೋಗಿತ್ತು. ಉಳಿದ ಒಂದು ಪುಸ್ತಕದಲ್ಲಿ "ಗಾರೆ ಕೆಲಸದವರಿಗೆ" ಎಂಬ ಒಂದು ಸಾಲು ಇದೆ, ಮುಂದೆ ಮೊತ್ತವಿದೆ, ಹೆಸರಿಲ್ಲ. ಬಳ್ಳಾರಿಯ ಹತ್ತಿ ವ್ಯಾಪಾರದ ಚರಿತ್ರೆ ಬರೆಯುವವರು ಮುಂದೆ ಬಂದರೆ ಅವರಿಗೆ ಬೇಕಾಗುವುದು ಇಂಥ ಕಾಗದಗಳೇ.

ಮಾನ್ಯರೇ, ನಮ್ಮ ಜಿಲ್ಲೆಯಲ್ಲಿ ಚರಿತ್ರೆ ಎಂದರೆ ಹಂಪಿ ಎಂದೇ ಬಹುಕಾಲ ನಡೆಯಿತು. ಶಾಲೆಯ ಪ್ರವಾಸ ಹಂಪಿಗೆ, ಉತ್ಸವ ಹಂಪಿಯಲ್ಲಿ, ಅನುದಾನ ಹಂಪಿಗೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು, ಹಂಪಿ ಅಲ್ಲಿಗೆ ಸೇರಿತು. ಈಗಲಾದರೂ ನಾವು ನಮ್ಮ ಕಾಲ ಕೆಳಗಿನ ನೆಲವನ್ನು ನೋಡಬೇಕಲ್ಲವೇ? ಸಂಗನಕಲ್ಲಿನ ಗುಡ್ಡದಲ್ಲಿ ಸಾವಿರಾರು ವರ್ಷಗಳ ಹಿಂದೆ ಬದುಕಿದವರ ಕಲ್ಲಿನ ಕೊಡಲಿಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಜೋಪಾನ ಮಾಡಿದ ಊರು ಇದು. ಆ ಕೆಲಸ ಮಾಡಿದವರಿಗೆ ನನ್ನ ನಮಸ್ಕಾರ. ಕೋಟೆಗೂ ಕಾಯಿದೆಯ ರಕ್ಷಣೆಯಿದೆ. ಇವೆರಡರ ನಡುವೆ, ನಮ್ಮ ಮುತ್ತಜ್ಜಂದಿರು ಬದುಕಿದ ಕಾಲಕ್ಕೆ ಮಾತ್ರ ಯಾವ ಆಸರೆಯೂ ಇಲ್ಲ.

ಕಾನೂನಿನಲ್ಲಿ ದಾರಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸ್ಮಾರಕವೆಂದು ಘೋಷಿಸಲು 1961ರ ರಾಜ್ಯ ಪ್ರಾಚೀನ ಸ್ಮಾರಕಗಳ ಕಾಯ್ದೆ ನೂರು ವರ್ಷ ಕೇಳುತ್ತದೆ, ಅದು ಎಲ್ಲ ಮನೆಗಳಿಗೂ ಒಗ್ಗದು, ಒಗ್ಗಬೇಕಾಗಿಯೂ ಇಲ್ಲ. ಆದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಎಂಬುದಕ್ಕೆ ವ್ಯಾಖ್ಯೆಯಿದೆ, ವಾಸ್ತುಶಿಲ್ಪ, ಚರಿತ್ರೆ, ಸಂಸ್ಕೃತಿಗಳ ಮೌಲ್ಯವುಳ್ಳ ಕಟ್ಟಡವನ್ನು ಹಾಗೆ ಘೋಷಿಸುವ ಅಧಿಕಾರ ಯೋಜನಾ ಪ್ರಾಧಿಕಾರಕ್ಕಿದೆ.

ಆದ್ದರಿಂದ ಮೊದಲ ಕೋರಿಕೆ, ಪಟ್ಟಿ. ಬ್ರೂಸ್‌ಪೇಟೆ, ಕೌಲ್‌ಬಜಾರ್, ಮೆಲ್ಲರ್‌ಪೇಟೆಗಳ ಹಳೆಯ ಮನೆಗಳನ್ನು ಒಂದೊಂದಾಗಿ ನೋಡಿ, ಫೋಟೋ, ನಕ್ಷೆ, ಅಳತೆ, ಕಟ್ಟಿದ ಸಾಮಗ್ರಿ, ಸದ್ಯದ ಸ್ಥಿತಿ, ಒಡೆತನದ ವಿವರಗಳನ್ನು ದಾಖಲಿಸಲು ಯೋಜನಾ ಪ್ರಾಧಿಕಾರ, ಪುರಾತತ್ವ ಇಲಾಖೆ ಮತ್ತು ಸ್ಥಳೀಯ ಸಂಸ್ಥೆಯ ಜಂಟಿ ತಂಡವನ್ನು ತಾವು ನೇಮಿಸಬೇಕು. ನಗರದ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಂದ ಅಳತೆಯ ಕೆಲಸ ಮಾಡಿಸಿದರೆ ಖರ್ಚು ಹೆಚ್ಚಲ್ಲ. ಆ ಪಟ್ಟಿ ಮುಗಿಯುವವರೆಗೆ, ಸುಣ್ಣದ ಕಟ್ಟಡ ಬಲ್ಲ ಎಂಜಿನಿಯರ್ ಒಳಗೆ ಹೋಗಿ ನೋಡಿ ಸಹಿ ಮಾಡಿದ ವರದಿಯಿಲ್ಲದೆ ಯಾವ ಮನೆಯನ್ನೂ ಕೆಡವಬಾರದು. ಆ ವರದಿಯ ಪ್ರತಿಯನ್ನು ಮನೆಯ ಬಾಗಿಲಿಗೆ ಅಂಟಿಸಬೇಕು, ಬೀದಿಯವರೂ ಓದಲಿ.

ಕೆಡವಲೇಬೇಕಾದ ಮನೆಯ ತೊಲೆ, ಬಾಗಿಲು, ತಾರಸಿ ಇಟ್ಟಿಗೆಗಳಿಗೆ ಪಂಚನಾಮೆಯಾಗಬೇಕು. ಅವು ಒಡೆಯರ ಸ್ವತ್ತು, ಕೆಡವಿದವರದಲ್ಲ. ಒಡೆಯರು ಬಿಟ್ಟುಕೊಟ್ಟರೆ ಪಕ್ಕದ ಮನೆಗಳ ದುರಸ್ತಿಗೆ ಬಳಸಲಿ. ಒಳಗೆ ಸಿಕ್ಕ ಕಾಗದಪತ್ರಗಳು ವಸ್ತುಸಂಗ್ರಹಾಲಯಕ್ಕೆ ಹೋಗಲಿ.

ಇದಕ್ಕಿಂತ ಕಷ್ಟದ್ದು ವಾರಸುದಾರರ ಸಂಗತಿ. ಭಾಗವಾಗದ ಆಸ್ತಿಗಳಿಗಾಗಿಯೇ ಒಂದು ವಿಶೇಷ ಅದಾಲತ್ ನಡೆಸಿ, ಖಾತೆ ಸರಿಪಡಿಸಿ, ಮನೆ ದುರಸ್ತಿ ಮಾಡಿ ವಾಸಕ್ಕೋ ಬಾಡಿಗೆಗೋ ಕೊಡುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಬಗ್ಗೆ ಸರ್ಕಾರಕ್ಕೆ ತಾವು ಬರೆಯಬೇಕೆಂದು ಬೇಡುತ್ತೇನೆ. ಜನ ಇದ್ದು ನೋಡಿಕೊಳ್ಳುವ ಮನೆ ಬೀಳುವುದು ಅಪರೂಪ. ಜೀನ್ಸ್ ಘಟಕಗಳವರು ಈ ದಪ್ಪ ಗೋಡೆಯ ಕೋಣೆಗಳನ್ನು ಹುಡುಕಿಕೊಂಡು ಬರುವುದು ನಮ್ಮ ಏಪ್ರಿಲ್ ಬಿಸಿಲಿಗೆ ಅವು ತಂಪು ಎಂಬ ಕಾರಣಕ್ಕೆ. ಅಂಥ ಬಾಡಿಗೆಯಿಂದಲೇ ಮನೆಯ ದುರಸ್ತಿ ಆದೀತು.

ದೂರದ ಊರುಗಳಲ್ಲಿ ಇದನ್ನು ಓದುತ್ತಿರುವ ವಾರಸುದಾರರಿಗೂ ಒಂದು ಮಾತು. ನಿಮ್ಮ ಆಸ್ತಿಯ ಬಗ್ಗೆ ನಿರ್ಧಾರ ನಿಮ್ಮದೇ. ಮಾರುವುದಿದ್ದರೆ ಮಾರಿ. ಅಲ್ಲಿಯವರೆಗೆ ಮಳೆಗಾಲಕ್ಕೆ ಮುನ್ನ ಒಬ್ಬ ಆಳನ್ನು ಮಾಳಿಗೆಗೆ ಹತ್ತಿಸಿ ದೋಣಿ ಚೊಕ್ಕ ಮಾಡಿಸಿ, ಅರಳಿ ಗಿಡ ಕೀಳಿಸಿ. ಕೀಲಿಕೈ ಒಂದನ್ನು ನಂಬಿಕೆಯ ನೆರೆಯವರ ಹತ್ತಿರ ಇಟ್ಟರೆ ಆ ಕೆಲಸವನ್ನು ನಿಂತು ಮಾಡಿಸಲು ನಮ್ಮ ಬೀದಿಯಲ್ಲಿ ಜನ ಇದ್ದಾರೆ.

ಕೊನೆಯದಾಗಿ, ಗಾರೆ ಕೆಲಸ ಬಲ್ಲ ಮುದುಕರು ಬಳ್ಳಾರಿಯಲ್ಲಿ ಇನ್ನೂ ಕೆಲವರು ಇದ್ದಾರೆ. ನನ್ನ ತಂದೆಯ ಕೈಕೆಳಗೆ ಕಲಿತವರೂ ಅವರಲ್ಲಿದ್ದಾರೆ. ಅವರಿಂದ ಹುಡುಗರಿಗೂ ಹುಡುಗಿಯರಿಗೂ ಕಲಿಸುವ ಒಂದು ತರಬೇತಿಯನ್ನು, ಬಿಕರಿಗಿರುವ ಇಂಥದೇ ಮನೆಯೊಂದನ್ನು ಜಿಲ್ಲಾಡಳಿತ ಪಡೆದು ದುರಸ್ತಿ ಮಾಡಿಸುತ್ತಲೇ ನಡೆಸಬಹುದು. ದುರಸ್ತಿಯಾದ ಮೇಲೆ ಅದು ಬೀದಿಯ ವಾಚನಾಲಯವಾಗಲಿ. ಅಲ್ಲಿ ಆ ಮನೆ ಕಟ್ಟಿದವರ, ತಾರಸಿ ಬಡಿದವರ ಹೆಸರುಗಳು ಗೊತ್ತಾದಷ್ಟನ್ನು ಗೋಡೆಯ ಮೇಲೆ ಬರೆಯಿಸಿ. ಕೆಲವು ಹೆಸರುಗಳನ್ನು ನಾನೇ ಕೊಡಬಲ್ಲೆ.

ನಮ್ಮ ಬೀದಿಯ ಹಳೆಯ ಮನೆಗಳ ಪಟ್ಟಿಯನ್ನು, ಯಾವುದಕ್ಕೆ ತುರ್ತಾಗಿ ಆಸರೆ ಬೇಕು ಎಂಬ ಮೇಸ್ತ್ರಿಗಳ ಅಭಿಪ್ರಾಯದ ಸಮೇತ ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಮುಂಗಾರು ಶುರುವಾಗುವ ಮೊದಲು ತಮ್ಮ ತಂಡ ಒಮ್ಮೆ ಬಂದು ಮಾಳಿಗೆಗಳನ್ನು ಹತ್ತಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಏಣಿ ನಾವು ಒದಗಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ,
ಬ್ರೂಸ್‌ಪೇಟೆ, ಬಳ್ಳಾರಿ